ಕಲಿಸುವ ಮೊಲ, ಕಲಿಯುವ ಆಮೆ

ಮೊಲವೂ ಆಮೆಯೂ ಪಂದ್ಯ ಕಟ್ಟಿ ಓಡಿದ ಕತೆ ಕೇಳದೆ ಬೆಳೆದ ಮಗು ನಮ್ಮಲ್ಲಿ ಸಿಗುವುದು ಕಷ್ಟ. ಮಕ್ಕಳ ಕಂಪ್ಯೂಟರ್ ಆಟಗಳ ಚರಿತ್ರೆಯಲ್ಲೂ ಈ ಎರಡು ಪ್ರಾಣಿಗಳಿವೆ. ಆಮೆ ಮೊದಲು ಹೊರಟಿತು, 1970ರ ಆಸುಪಾಸಿನಲ್ಲಿ, ಅಮೆರಿಕದ ಪೂರ್ವ ಕರಾವಳಿಯ ಕೇಂಬ್ರಿಜ್ ಪಟ್ಟಣದಿಂದ. ಮೊಲ ಹತ್ತಕ್ಕೂ ಹೆಚ್ಚು ವರ್ಷ ತಡವಾಗಿ ಕ್ಯಾಲಿಫೋರ್ನಿಯಾದಿಂದ ಹೊರಟು ಬಹುಬೇಗ ಮುಂದೆ ಹೋಯಿತು. ಮೊಲ ಮಗುವಿಗೆ ಓದು ಕಲಿಸುತ್ತದೆ. ಆಮೆ ಏನನ್ನೂ ಕಲಿಸುವುದಿಲ್ಲ, ಅದಕ್ಕೆ ಮಗುವೇ ಕಲಿಸಬೇಕು. ಆಮೇಲೆ ಬಂದ ನಾಯಿ, ಮೀನು, ಕಪ್ಪೆ, ಪೆಂಗ್ವಿನ್, ಬೆಕ್ಕುಗಳೆಲ್ಲ ಈ ಎರಡರಲ್ಲಿ ಒಂದರ ಹಿಂದೆ ಸಾಲು ನಿಂತಿವೆ ಎಂದು ನನಗೆ ಅನ್ನಿಸುತ್ತದೆ. ಯಾವ ಸಾಲಿನ ಪ್ರಾಣಿ ನಮ್ಮ ಮಕ್ಕಳ ಕೈಗೆ ಸಿಗುತ್ತಿದೆ, ಅದು ಯಾವ ಭಾಷೆಯಲ್ಲಿ ಮಾತಾಡುತ್ತಿದೆ ಎಂಬುದು ಚಿತ್ರ ಎಷ್ಟು ಮುದ್ದಾಗಿದೆ ಎಂಬುದಕ್ಕಿಂತ ಬಹಳ ದೊಡ್ಡ ಪ್ರಶ್ನೆ.

ಮೊದಲು ಮೊಲದ ವಿಚಾರ. ಅದರ ಹೆಸರು ರೀಡರ್ ರ‍್ಯಾಬಿಟ್, ಓದುವ ಮೊಲ. ಅದನ್ನು ತಂದ ಸಂಸ್ಥೆ ದಿ ಲರ್ನಿಂಗ್ ಕಂಪನಿ. 1980ರಲ್ಲಿ ಅದನ್ನು ಕಟ್ಟಿದವರು ಆ್ಯನ್ ಮೆಕಾರ್ಮಿಕ್ ಎಂಬ ಶಿಕ್ಷಕಿ. ಜೊತೆಗೆ ನಿಂತವರಲ್ಲಿ ಅಟಾರಿಯ 'ಅಡ್ವೆಂಚರ್' ಆಟ ಮಾಡಿದ ವಾರನ್ ರಾಬಿನೆಟ್, ಲೆಸ್ಲಿ ಗ್ರಿಮ್ ಮತ್ತು ಗಣಿತ ಶಿಕ್ಷಣದ ಟೆರಿ ಪರ್ಲ್ ಇದ್ದರು. ಮೊಲದ ಆಟ ಲೆಸ್ಲಿ ಗ್ರಿಮ್ ಅವರ ಕೈಯಿಂದ ಬಂದದ್ದು. ಆ್ಯಪಲ್ 2 ಕಂಪ್ಯೂಟರಿನಲ್ಲಿ ಫ್ಲಾಪಿ ಹಾಕಿ ತೆರೆದರೆ ಪದಗಳ ಕಾರ್ಖಾನೆಯೊಂದು ಕಾಣುತ್ತಿತ್ತು. ಒಂದು ಆಟದಲ್ಲಿ ಪದಗಳು ಒಂದೊಂದಾಗಿ ಬರುತ್ತವೆ. ಹೇಳಿದ ಅಕ್ಷರ ಇರುವುದನ್ನು ಇಟ್ಟುಕೊಳ್ಳಬೇಕು, ಉಳಿದದ್ದನ್ನು ಬಿಡಬೇಕು. ಇನ್ನೊಂದರಲ್ಲಿ ಚಿತ್ರದ ಕೆಳಗೆ ಅಕ್ಷರ ಜೋಡಿಸಿ ಹೆಸರಿನ ಚೀಟಿ ಅಂಟಿಸಬೇಕು. ಮತ್ತೊಂದು ರೈಲು: ಒಂದೊಂದು ಡಬ್ಬಿಯ ಪದವೂ ಹಿಂದಿನ ಡಬ್ಬಿಯ ಪದಕ್ಕಿಂತ ಒಂದೇ ಅಕ್ಷರದಿಂದ ಬೇರೆಯಾಗಿರಬೇಕು. 'ಕ್ಯಾಟ್' ಆದಮೇಲೆ 'ಬ್ಯಾಟ್', 'ಬ್ಯಾಟ್' ಆದಮೇಲೆ 'ಬ್ಯಾಗ್', ಹೀಗೆ. ಎಲ್ಲವೂ ಮೂರಕ್ಷರದ ಪದಗಳು: ಒಂದು ವ್ಯಂಜನ, ನಡುವೆ ಸ್ವರ, ಕೊನೆಗೆ ವ್ಯಂಜನ. ಕೆಲಸ ಸರಿಯಾಗಿ ಮುಗಿದರೆ ಮೊಲ ಕುಣಿಯುತ್ತಿತ್ತು.

ಈ ಆಟವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮೊದಲ ಮೊಲ ಪಾಠ ಹೇಳುತ್ತಿರಲಿಲ್ಲ. ಪಾಠ ಇದ್ದದ್ದು ಪದಗಳ ಜೋಡಣೆಯಲ್ಲಿ. ಇಂಗ್ಲಿಷ್ ಕಾಗುಣಿತದ ಗೊಂದಲದೊಳಗಿಂದ ನಿಯಮ ತಪ್ಪದ ಪದಗಳನ್ನು ಮಾತ್ರ ಹೆಕ್ಕಿ, ಮಗುವಿನ ಮುಂದೆ ಒಂದು ಕ್ರಮದಲ್ಲಿ ಇಟ್ಟಿದ್ದರು. ಮೊಲ ಬಾಗಿಲಲ್ಲಿ ನಿಂತು ಒಳಗೆ ಕರೆಯುವ ನೆಂಟ, ಅಷ್ಟೇ. ಅದೇ ಕಂಪನಿ 1982ರಲ್ಲಿ ತಂದ 'ರಾಕೀಸ್ ಬೂಟ್ಸ್'ನಲ್ಲೂ ಹೀಗೇ. ಅಲ್ಲಿ ರಾಕಿ ಎಂಬ ರಕೂನ್ ಪ್ರಾಣಿ ಇತ್ತು. ಮಕ್ಕಳು ತರ್ಕದ್ವಾರಗಳನ್ನು (ಲಾಜಿಕ್ ಗೇಟ್) ಜೋಡಿಸಿ ಯಂತ್ರ ಕಟ್ಟುತ್ತಿದ್ದರು, ಯಂತ್ರ ಸರಿಯಾಗಿ ನಡೆದಾಗ ರಾಕಿ ಕುಣಿಯುತ್ತಿತ್ತು. ಹತ್ತು ವರ್ಷದ ಮಕ್ಕಳ ಕೈಗೆ ಡಿಜಿಟಲ್ ಸರ್ಕ್ಯೂಟಿನ ಮೂಲಪಾಠ ಕೊಟ್ಟ ಆ ಆಟಕ್ಕೆ ಇವತ್ತಿಗೂ ಸಾಟಿ ಕಡಿಮೆ.

ಆ್ಯನ್ ಮೆಕಾರ್ಮಿಕ್ ಅವರ ಬಗ್ಗೆ ಇನ್ನೊಂದು ಮಾತು. ಕಂಪನಿ ಕಟ್ಟುವ ಮೊದಲು, 1973ರಲ್ಲಿ, ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಅಧ್ಯಯನ ಮಾಡಿದ್ದರು. ಒಂದನೇ ತರಗತಿಯ ಕಪ್ಪುಜನರ ಮಕ್ಕಳು ಮನೆಯಲ್ಲಿ ಆಡುವ ಇಂಗ್ಲಿಷ್ ಬೇರೆ, ಶಾಲೆಯ ಪುಸ್ತಕದ ಇಂಗ್ಲಿಷ್ ಬೇರೆ. ಓದು ಕಲಿಸುವಾಗ ಶಿಕ್ಷಕರು ಆ ಮನೆಮಾತನ್ನು ಹೇಗೆ ಕಾಣುತ್ತಾರೆ ಎಂಬುದು ಅವರ ವಿಷಯ. ಮಗು ಬಾಯಿ ತೆರೆದಾಗಲೆಲ್ಲ ತಿದ್ದುವ ತರಗತಿಯಲ್ಲಿ ಓದು ಹಿಂದೆ ಬಿತ್ತು. ಮಗುವಿನ ಮಾತಿನ ಲಯವನ್ನೇ ಹಿಡಿದು ಪಾಠ ನಡೆಸಿದ ತರಗತಿಯಲ್ಲಿ ಓದು ಮುಂದೆ ಹೋಯಿತು. ಧಾರವಾಡದ, ಕುಂದಾಪುರದ, ಕಲಬುರಗಿಯ, ಚಾಮರಾಜನಗರದ ಮಗು ಒಂದೇ ಪಠ್ಯಪುಸ್ತಕದ ಮುಂದೆ ಕೂರುವ ನಮ್ಮ ನಾಡಿನಲ್ಲಿ ಈ ಮಾತನ್ನು ಎರಡು ಸಲ ಓದಬೇಕು. ಮೊಲದ ಹಿಂದೆ ನಿಂತಿದ್ದವರು ಮಗುವಿನ ಮಾತಿಗೆ ಕಿವಿಗೊಟ್ಟಿದ್ದವರು.

ಆಮೇಲೆ ಸಿ.ಡಿ. ಬಂತು. ಬಣ್ಣ, ಸಂಗೀತ, ದನಿ ಎಲ್ಲವೂ ಒಂದೇ ತಟ್ಟೆಯಲ್ಲಿ ಹಿಡಿಸಿದವು. ಮೊಲಕ್ಕೆ ಬಾಯಿ ಬಂತು, ಗೆಳೆಯರು ಬಂದರು. ಸ್ಯಾಮ್ ಎಂಬ ಸಿಂಹ, ಮ್ಯಾಟ್ ಎಂಬ ಇಲಿ. 1994ರ ಒಂದು ಸಿ.ಡಿ.ಯಲ್ಲಿ ನಲವತ್ತು ಪುಟ್ಟ ಕತೆಪುಸ್ತಕಗಳೇ ಇದ್ದವು. ಅದೇ ವರ್ಷ ನಾಲೆಜ್ ಅಡ್ವೆಂಚರ್ ಕಂಪನಿ 'ಜಂಪ್‌ಸ್ಟಾರ್ಟ್' ಮಾಲೆ ಆರಂಭಿಸಿತು. ಅಲ್ಲಿ ಶಿಶುವಿಹಾರದ ಮೇಷ್ಟರಾಗಿ ಮತ್ತೊಂದು ಮೊಲ, ಒಂದನೇ ತರಗತಿಗೆ ಫ್ರ್ಯಾಂಕಿ ಎಂಬ ನಾಯಿ. 1994ರಲ್ಲೇ ರಾನ್ ಗಿಲ್ಬರ್ಟ್, ಶೆಲ್ಲಿ ಡೇ ಕಟ್ಟಿದ ಹ್ಯೂಮಾಂಗಸ್ ಕಂಪನಿಯಿಂದ ಫ್ರೆಡ್ಡಿ ಎಂಬ ಹಳದಿ ಮೀನು ಬಂತು. ಲೂಥರ್ ಎಂಬ ಹಸಿರು ಮೀನಿನ ಜೊತೆ ಕಡಲಾಳದಲ್ಲಿ ಕಳವಾದ ಬೀಜ ಹುಡುಕುವ ಪತ್ತೇದಾರಿ ಅದರ ಕೆಲಸ. ಫ್ರೆಡ್ಡಿ ಅಂಕ ಕೊಡುವುದಿಲ್ಲ, ಸೋಲಿಸುವುದೂ ಇಲ್ಲ. ಮಗು ಎಲ್ಲಿ ಕ್ಲಿಕ್ ಮಾಡಿದರೂ ಏನಾದರೊಂದು ಮಿಸುಕುತ್ತದೆ. ಆ ಕಾಲದ ಪ್ರಾಣಿಗಳಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಈ ಮೀನೇ. ಲೀಪ್‌ಫ್ರಾಗ್ ಕಂಪನಿಯ ಕಪ್ಪೆಗಳೂ ಇದೇ ಪೀಳಿಗೆಯವು.

ವ್ಯಾಪಾರದ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1995ರ ಕೊನೆಯಲ್ಲಿ ಸಾಫ್ಟ್‌ಕೀ ಎಂಬ ಕಂಪನಿ ಮೊಲದ ಕಂಪನಿಯನ್ನು ಸುಮಾರು 60 ಕೋಟಿ ಡಾಲರಿಗೆ ಕೊಂಡು ಅದರ ಹೆಸರನ್ನೇ ತಾನಿಟ್ಟುಕೊಂಡಿತು. 1999ರಲ್ಲಿ ಬಾರ್ಬಿ ಗೊಂಬೆಯ ಮ್ಯಾಟೆಲ್ ಅದನ್ನು ಸುಮಾರು 350 ಕೋಟಿ ಡಾಲರ್ ಬೆಲೆಗೆ ಕೊಂಡಿತು. ನಷ್ಟ ಹೊರಲಾರದೆ ಮರುವರ್ಷವೇ, ಮುಂದೆ ಲಾಭ ಬಂದರೆ ಪಾಲು ಕೊಡಿ ಎಂಬ ಕರಾರಿನ ಮೇಲೆ ಬೇರೆಯವರಿಗೆ ದಾಟಿಸಿತು. ಜಂಪ್‌ಸ್ಟಾರ್ಟ್ ಕಂಪನಿ 2023ರಲ್ಲಿ ಬಾಗಿಲು ಹಾಕಿತು. ಒಂದು ಪೀಳಿಗೆಗೆ ಅಕ್ಷರ ಕಲಿಸಿದ ಪ್ರಾಣಿಗಳು ಷೇರುಪೇಟೆಯ ಸರಕಾಗಿ ಕೈಯಿಂದ ಕೈಗೆ ಹೋದದ್ದು ನೋವಿನ ಸಂಗತಿ. ಆ ಕೊಡುಕೊಳ್ಳುವಿಕೆಯಲ್ಲಿ ಕೆಲಸ ಕಳೆದುಕೊಂಡವರಲ್ಲಿ ಪಾಠ ಹೆಣೆಯಬಲ್ಲ ಶಿಕ್ಷಕರೂ ಇದ್ದರು. ಅವರು ಹೋದಮೇಲೆ ಪೆಟ್ಟಿಗೆಯ ಮೇಲಿನ ಮೊಲದ ಮುಖ ಮಾತ್ರ ಉಳಿಯಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಪರದೆಯ ಮೇಲೆ ಪ್ರಾಣಿ ಇದ್ದರೆ ಮಗು ಹೆಚ್ಚು ಕಲಿಯುತ್ತದೆಯೇ?

1997ರಲ್ಲಿ ನಾರ್ತ್ ಕ್ಯಾರೊಲೈನಾ ರಾಜ್ಯ ವಿಶ್ವವಿದ್ಯಾಲಯದ ಜೇಮ್ಸ್ ಲೆಸ್ಟರ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಬೇರೆ ಬೇರೆ ಹವಾಮಾನಕ್ಕೆ ತಕ್ಕ ಗಿಡವನ್ನು ಮಕ್ಕಳೇ ರೂಪಿಸುವ ಆಟ ಅದು. ಹರ್ಮನ್ ಎಂಬ ಹುಳ ಪರದೆಯ ತುಂಬ ಹಾರಾಡುತ್ತ ಸಲಹೆ ಕೊಡುತ್ತದೆ. ಮಾಧ್ಯಮಿಕ ಶಾಲೆಯ ನೂರು ಮಕ್ಕಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬಗೆಯ ಹರ್ಮನ್ ಕೊಟ್ಟರು. ಪೂರ್ತಿ ಮಾತಾಡುವ ಹುಳದಿಂದ ಹಿಡಿದು ಬಾಯಿಯೇ ಬಿಡದ ಹುಳದವರೆಗೆ ಐದು ಬಗೆ. ಮಾತಾಡದ ಹುಳವನ್ನು ಕಂಡ ಮಕ್ಕಳೂ ಅದು ತಮಗೆ ನೆರವಾಯಿತು ಎಂದೇ ಹೇಳಿದರು. ಜೊತೆಗೊಂದು ಜೀವ ಇದೆ ಎಂಬ ಭಾವನೆಯೇ ಮಗುವಿಗೆ ಹಿತವಾಗಿತ್ತು. ಆಟ ತಯಾರಿಸುವವರಿಗೆ ಇದು ದೊಡ್ಡ ಬೆಂಬಲವಾಯಿತು: ಪ್ರಾಣಿ ಇಡಿ, ಮಗು ಒಲಿಯುತ್ತದೆ.

ಹಿತ ಅನ್ನಿಸುವುದೂ ಕಲಿಯುವುದೂ ಒಂದೇ ಅಲ್ಲ. ನಾಲ್ಕು ವರ್ಷದ ಮೇಲೆ, 2001ರಲ್ಲಿ, ರೊಕ್ಸಾನಾ ಮೊರೆನೊ ಮತ್ತು ರಿಚರ್ಡ್ ಮೇಯರ್ ಲೆಸ್ಟರ್ ಜೊತೆಗೂಡಿ ಅದೇ ಹುಳವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು. ಹುಳದ ಚಿತ್ರ ತೆಗೆದು ದನಿ ಮಾತ್ರ ಉಳಿಸಿದರು. ಕಲಿಕೆ ಕುಂದಲಿಲ್ಲ. ದನಿ ತೆಗೆದು ಅದೇ ಮಾತನ್ನು ಪರದೆಯ ಮೇಲೆ ಬರಹವಾಗಿ ಕೊಟ್ಟರು. ಕಲಿಕೆ ಕುಂದಿತು. ಕಲಿಯುವವರು ತಾವೇ ಗಿಡ ರೂಪಿಸಿದಾಗ ಚೆನ್ನಾಗಿ ಕಲಿತರು, ಸುಮ್ಮನೆ ನೋಡುತ್ತ ಕೂತಾಗ ಅಷ್ಟು ಕಲಿಯಲಿಲ್ಲ. ಕಲಿಸಿದ್ದು ಹುಳದ ಮೈಯಲ್ಲ, ಅದರ ಮಾತು, ಮತ್ತು ಅದು ಕಲಿಯುವವರಿಗೆ ಬಿಟ್ಟುಕೊಟ್ಟ ಕೆಲಸ. ಈ ವಿಷಯದ ಮೇಲೆ ನಾನು ಓದಿದ ಸಂಶೋಧನೆಗಳಲ್ಲಿ ಕನ್ನಡಿಗರು ಗಮನಿಸಲೇಬೇಕಾದದ್ದು ಯಾವುದು ಎಂದು ಕೇಳಿದರೆ ಇದನ್ನೇ ತೋರಿಸುತ್ತೇನೆ. ದನಿ ಇಷ್ಟು ಮುಖ್ಯವಾದರೆ, ಆ ದನಿ ಯಾವ ಭಾಷೆಯದು ಎಂಬುದು ಸಣ್ಣ ಪ್ರಶ್ನೆಯಾಗಲು ಸಾಧ್ಯವೇ?

ತೀರ ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ: ಪರಿಚಯ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಾಂಡ್ರಾ ಕ್ಯಾಲ್ವರ್ಟ್ ಅವರ ತಂಡ 2011ರಲ್ಲಿ 21 ತಿಂಗಳ ಕೂಸುಗಳಿಗೆ ವಿಡಿಯೊ ತೋರಿಸಿತು. ಬಟ್ಟಲುಗಳನ್ನು ಗಾತ್ರಕ್ಕೆ ತಕ್ಕಂತೆ ಒಂದರೊಳಗೊಂದು ಇಡುವ ಕೆಲಸ. ಕೆಲವರಿಗೆ ಅದನ್ನು ತೋರಿಸಿದ್ದು ಅಮೆರಿಕದ ಮನೆಮನೆಗೂ ಗೊತ್ತಿರುವ ಎಲ್ಮೊ ಬೊಂಬೆ. ಉಳಿದವರಿಗೆ ತೈವಾನಿನ ಡೋಡೋ, ಆ ಕೂಸುಗಳು ಎಂದೂ ಕಂಡಿರದದ್ದು. ಎಲ್ಮೊನಿಂದ ಕಲಿತರು, ಡೋಡೋನಿಂದ ಕಲಿಯಲಿಲ್ಲ. ಎರಡು ವರ್ಷದ ಮೇಲೆ ಅದೇ ತಂಡ ಡೋಡೋ ಬೊಂಬೆಯನ್ನು ಮನೆಗಳಿಗೆ ಕೊಟ್ಟು ಮೂರು ತಿಂಗಳು ಆಡಲು ಬಿಟ್ಟಿತು. ಉಣ್ಣಿಸಿ, ಮಲಗಿಸಿ ಆಡಿದ ಕೂಸುಗಳು ಆಮೇಲೆ ಅದೇ ಅಪರಿಚಿತನಿಂದ ಕಲಿತವು. ಬೊಂಬೆಯ ಮೂಗು ಕಣ್ಣು ಬದಲಾಗಿರಲಿಲ್ಲ, ಮಗುವಿನ ಅಕ್ಕರೆ ಬೆಳೆದಿತ್ತು. ನಮ್ಮ ಮಕ್ಕಳ ಕತೆಗಳ ಗುಬ್ಬಿ, ಕಾಗೆ, ಕತ್ತೆ, ಹಸುಗಳನ್ನು ಬಿಟ್ಟು ಎಲ್ಲೂ ಕಾಣದ ರಕೂನನ್ನು ತಂದು ಪಾಠಕ್ಕೆ ಕೂರಿಸುವವರು ಈ ಅಕ್ಕರೆಯನ್ನು ಮೊದಲಿನಿಂದ ಬೆಳೆಸಬೇಕಾಗುತ್ತದೆ.

ಹಾಗೆಂದು ಪ್ರಾಣಿ ಎಲ್ಲವನ್ನೂ ಕಲಿಸಬಲ್ಲದು ಎಂದಲ್ಲ. ಟೊರಾಂಟೊದಲ್ಲಿ ಪೆಟ್ರೀಷಿಯಾ ಗನೇಯಾ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನ್ನನ್ನು ಬಹಳ ದಿನ ಕಾಡಿತು. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಂಡು ಬಾಳುವ ಕತೆ ಓದಿದರು. ಕೆಲವರಿಗೆ ಪ್ರಾಣಿಗಳ ಕತೆ, ಕೆಲವರಿಗೆ ಅದೇ ಕತೆಯಲ್ಲಿ ಮನುಷ್ಯ ಮಕ್ಕಳ ಚಿತ್ರ. ಆಮೇಲೆ ತಮ್ಮ ಸ್ಟಿಕರ್‌ಗಳಲ್ಲಿ ಎಷ್ಟನ್ನು ಬೇರೆ ಮಗುವಿಗೆ ಕೊಡುತ್ತಾರೆ ಎಂದು ನೋಡಿದರು. ಮನುಷ್ಯರ ಕತೆ ಕೇಳಿದವರು ಹೆಚ್ಚು ಕೊಟ್ಟರು, ಪ್ರಾಣಿಗಳ ಕತೆ ಕೇಳಿದವರು ಹಾಗೆ ಕೊಡಲಿಲ್ಲ. ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ ನಾಡಿನಲ್ಲಿ, ಪುಣ್ಯಕೋಟಿಯ ಕತೆ ಕೇಳಿ ಕಣ್ಣೀರು ಹಾಕಿದ ನಮಗೆ, ಇದನ್ನು ಒಪ್ಪಲು ಮನಸ್ಸು ಬಾರದು. ಆದರೆ ನಮ್ಮ ಕತೆಗಳನ್ನು ನಾವು ಕೇಳಿದ ರೀತಿ ನೆನೆಯಿರಿ. ಅಜ್ಜಿ ಕತೆ ನಿಲ್ಲಿಸಿ, ಹುಲಿ ಹಾಗೆ ಮಾಡಿತಲ್ಲ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುತ್ತಿದ್ದಳು. ಹುಲಿಯಿಂದ ಮಗುವಿನವರೆಗೆ ಸೇತುವೆ ಕಟ್ಟುತ್ತಿದ್ದವಳು ಅಜ್ಜಿ. ಪರದೆಯ ಪ್ರಾಣಿಗೆ ಆ ಕೆಲಸ ಬಾರದು. ನೀತಿ ಕಲಿಸುವ ಹೊಣೆಯನ್ನು ಅದರ ತಲೆಗೆ ಕಟ್ಟಬಾರದು, ಅದನ್ನು ಮಗುವಿನ ಪಕ್ಕ ಕೂತ ದೊಡ್ಡವರೇ ಹೊರಬೇಕು.

ಬಹುಮಾನದ ವಿಷಯ ಇನ್ನೂ ಸೂಕ್ಷ್ಮ. ಸರಿ ಉತ್ತರಕ್ಕೆ ಕುಣಿಯುವ ಮೊಲ ಮಗುವಿಗೆ ಖುಷಿ ಕೊಡುತ್ತದೆ, ನಿಜ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಬಣ್ಣದ ಪೆನ್ನುಗಳಲ್ಲಿ ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಮಕ್ಕಳನ್ನು ಆಯ್ದು, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಕೆಲವರಿಗೆ ಹೇಳಿದರು. ಪ್ರಶಸ್ತಿಪತ್ರ ಸಿಕ್ಕಿತು. ಒಂದೆರಡು ವಾರಗಳ ಮೇಲೆ ನೋಡಿದರೆ ಆ ಮಕ್ಕಳೇ ಪೆನ್ನು ಮುಟ್ಟುವುದನ್ನು ಕಡಿಮೆ ಮಾಡಿದ್ದರು. ಖುಷಿಗೆ ಮಾಡುತ್ತಿದ್ದ ಕೆಲಸ ಕೂಲಿಯ ಕೆಲಸವಾಗಿತ್ತು. 1997ರ ಜುಲೈಯಲ್ಲಿ ಟಾಡ್ ಓಪನ್‌ಹೈಮರ್ 'ಅಟ್ಲಾಂಟಿಕ್' ಮಾಸಿಕದಲ್ಲಿ ಶಾಲಾ ಕಂಪ್ಯೂಟರ್‌ಗಳ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಓದುವ ಮೊಲವನ್ನೇ ಹೆಸರಿಸಿದರು. ಅದನ್ನು ಏಳು ತಿಂಗಳು ಬಳಸಿದ 49 ಮಕ್ಕಳ ಸೃಜನಶೀಲತೆ ಅರ್ಧಕ್ಕೆ ಇಳಿಯಿತು ಎಂಬ ಅಧ್ಯಯನವನ್ನು ಎತ್ತಿ ಹೇಳಿದರು. 49 ಮಕ್ಕಳಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅವರು ಬೆರಳಿಟ್ಟ ಜಾಗ ಸರಿಯಾದದ್ದೇ. ಒಂದೇ ಸರಿ ಉತ್ತರವಿರುವ, ಪ್ರತಿ ಉತ್ತರಕ್ಕೂ ಒಂದು ಕುಣಿತವಿರುವ ಆಟವನ್ನೇ ದಿನವೂ ಆಡಿದ ಮಗು ಕುಣಿತಕ್ಕಾಗಿ ಕಾಯಲು ಕಲಿಯುತ್ತದೆ.

ಇಲ್ಲಿಯವರೆಗೆ ಹೇಳಿದ ಪ್ರಾಣಿಗಳಲ್ಲಿ ಕೆಟ್ಟವು ಯಾವುವೂ ಇಲ್ಲ. ಪೆಟ್ಟಿಗೆ ಕೊಂಡಮೇಲೆ ಮೊಲ ಮಗುವಿನ ಬಳಿ ಮತ್ತೆ ದುಡ್ಡು ಕೇಳುತ್ತಿರಲಿಲ್ಲ. ಮೊಬೈಲ್ ಬಂದಮೇಲೆ ಅದು ಬದಲಾಯಿತು. ಮಿಷಿಗನ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯೆ ಜೆನ್ನಿ ರಾಡೆಸ್ಕಿ ಮತ್ತು ಸಂಗಡಿಗರು 2018ರಲ್ಲಿ ಐದು ವರ್ಷದೊಳಗಿನ ಮಕ್ಕಳು ಬಳಸುವ 135 ಆ್ಯಪ್‌ಗಳನ್ನು ಕೂಲಂಕಷವಾಗಿ ನೋಡಿದರು. ಶೇ. 95ರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಇತ್ತು. ಅದಕ್ಕಿಂತ ಕಳವಳದ ವಿಷಯ ಬೇರೆ. ಕೆಲವು ಆಟಗಳಲ್ಲಿ ಮಗುವಿನ ಗೆಳೆಯನಾದ ಪಾತ್ರವೇ ಇದನ್ನು ಕೊಳ್ಳು ಎಂದು ಹೇಳುತ್ತದೆ, ಕೊಳ್ಳದಿದ್ದರೆ ಮುಖ ಸಪ್ಪೆ ಮಾಡುತ್ತದೆ, ಅಳುತ್ತದೆ. ಉಣ್ಣಿಸಿ ಮಲಗಿಸಿ ಅಕ್ಕರೆ ಬೆಳೆಸಿಕೊಂಡ ಕೂಸಿನ ಮುಂದೆ ಅದೇ ಬೊಂಬೆ ಅಳುವುದೆಂದರೆ ಏನೆಂದು ಯೋಚಿಸಿ. ಮೂರು ವರ್ಷದ ಮಗುವಿಗೆ ಅದು ವ್ಯಾಪಾರವೆಂದು ತಿಳಿಯುವುದಿಲ್ಲ. ತನ್ನ ಗೆಳೆಯನಿಗೆ ನೋವಾಗಿದೆ, ತನ್ನಿಂದಲೇ ಆಗಿದೆ ಎಂದು ಅದು ನಂಬುತ್ತದೆ. ಕಲಿಕೆಗೆಂದು ಬೆಳೆಸಿದ ಅಕ್ಕರೆಯನ್ನು ಅಪ್ಪ ಅಮ್ಮನ ಜೇಬಿಗೆ ಕೈ ಹಾಕಲು ಬಳಸುವುದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ. ಮಗುವಿನ ಮೊಬೈಲಿಗೆ ಯಾವುದೇ ಆಟ ಹಾಕುವ ಮೊದಲು ತಾಯ್ತಂದೆಯರು ಹತ್ತು ನಿಮಿಷ ತಾವೇ ಆಡಿ, ಆ ಪ್ರಾಣಿ ಯಾವಾಗ ಅಳುತ್ತದೆ ಎಂದು ನೋಡಬೇಕು.

ಈಗ ಹಿಂದುಳಿದ ಆಮೆಯ ಬಳಿಗೆ ಹೋಗೋಣ. 1967ರಲ್ಲಿ ಸೈಮೂರ್ ಪ್ಯಾಪರ್ಟ್, ವಾಲಿ ಫೋಯರ್ಟ್ಸೈಗ್, ಸಿಂಥಿಯಾ ಸಾಲಮನ್ ಸೇರಿ ಮಕ್ಕಳಿಗಾಗಿ ಲೋಗೊ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಪ್ಯಾಪರ್ಟ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ಜಿನೀವಾದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆ ಜೊತೆ ಕೆಲಸ ಮಾಡಿ, ಮಕ್ಕಳು ಯೋಚಿಸುವ ಬಗೆಯನ್ನು ಹತ್ತಿರದಿಂದ ಕಂಡ ಗಣಿತಜ್ಞ. ಕೆಲವೇ ವರ್ಷಗಳಲ್ಲಿ ಲೋಗೊಗೆ ಆಮೆ ಬಂತು. ಮೊದಲು ನೆಲದ ಮೇಲೆ ಓಡಾಡುವ ಯಂತ್ರ, ಆಮೇಲೆ ಪರದೆಯ ಮೇಲೊಂದು ಪುಟ್ಟ ತ್ರಿಕೋನ. ಆಮೆ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಮೆದುಳು ವಿಜ್ಞಾನಿ 1940ರ ದಶಕದ ಕೊನೆಯಲ್ಲಿ ಮಾಡಿದ್ದ ಎಲ್ಮರ್, ಎಲ್ಸಿ ಎಂಬ ಯಂತ್ರದ ಆಮೆಗಳಿಂದ. ಈ ಆಮೆಗೆ ನಗುವಿಲ್ಲ, ಕುಣಿತವಿಲ್ಲ, ಶಹಬ್ಬಾಸ್ ಎನ್ನುವ ಬಾಯಿಯಿಲ್ಲ. ಮುಂದೆ 100 ಎಂದರೆ ನೂರು ಹೆಜ್ಜೆ ಮುಂದೆ ಹೋಗುತ್ತದೆ, ಬಲಕ್ಕೆ 90 ಎಂದರೆ ಕಾಲುಸುತ್ತು ತಿರುಗುತ್ತದೆ. ಹೋದ ದಾರಿಯಲ್ಲಿ ಗೆರೆ ಉಳಿಯುತ್ತದೆ.

ಸಮಬಾಹು ತ್ರಿಕೋನ ಬರೆಯಲು ಹೇಳಿದರೆ ಮಗು ಪುಸ್ತಕದಲ್ಲಿ ಓದಿದ 60 ಡಿಗ್ರಿಯನ್ನೇ ಕೊಡುತ್ತದೆ. ಆಮೆ ಹೇಳಿದಷ್ಟೇ ತಿರುಗುತ್ತದೆ. ತ್ರಿಕೋನ ಮುಚ್ಚುವುದಿಲ್ಲ, ಗೆರೆ ಬೇರೆಲ್ಲೋ ಹೋಗುತ್ತದೆ. ಆಮೆ ತಪ್ಪು ಎನ್ನುವುದಿಲ್ಲ, ಮುಖ ಸಪ್ಪೆ ಮಾಡುವುದಿಲ್ಲ. ಮಗು ಎದ್ದು ನಿಂತು ತಾನೇ ಆಮೆಯಾಗಿ ನಡೆದು ನೋಡುತ್ತದೆ. ಮೂಲೆಗೆ ಬಂದಾಗ ಮೈಯನ್ನು ಎಷ್ಟು ತಿರುಗಿಸಬೇಕು? 60 ಅಲ್ಲ, 120. ಒಳಕೋನಕ್ಕೂ ಹೊರಕೋನಕ್ಕೂ ಇರುವ ವ್ಯತ್ಯಾಸವನ್ನು ಆ ಮಗು ಇನ್ನು ಮರೆಯುವುದಿಲ್ಲ, ಅದನ್ನು ತನ್ನ ಕಾಲಿನಲ್ಲಿ ಕಂಡುಕೊಂಡಿದೆ. ಪ್ಯಾಪರ್ಟ್ 1980ರ ತಮ್ಮ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ: ಕಂಪ್ಯೂಟರ್ ಮಗುವನ್ನು ನಡೆಸಬಾರದು, ಮಗು ಕಂಪ್ಯೂಟರನ್ನು ನಡೆಸಬೇಕು. ಆಮೆಯ ವಂಶದಲ್ಲೇ 2007ರಲ್ಲಿ ಎಂ.ಐ.ಟಿ.ಯ ಮಿಚೆಲ್ ರೆಸ್ನಿಕ್ ತಂಡದ ಸ್ಕ್ರ್ಯಾಚ್ ಬಂತು. ತೆರೆದ ಕೂಡಲೆ ಕಾಣುವ ಕಿತ್ತಳೆ ಬಣ್ಣದ ಬೆಕ್ಕು ಏನೂ ಮಾಡದೆ ನಿಂತಿರುತ್ತದೆ. ಮಗು ಆಜ್ಞೆಯ ತುಂಡುಗಳನ್ನು ಜೋಡಿಸಿದರೆ ನಡೆಯುತ್ತದೆ, ಮಾತಾಡುತ್ತದೆ, ಹಾರುತ್ತದೆ.

ಇನ್ನೊಬ್ಬರಿಗೆ ಕಲಿಸುವಾಗ ಮಗು ಹೆಚ್ಚು ಶ್ರದ್ಧೆ ವಹಿಸುತ್ತದೆ ಎಂಬುದಕ್ಕೆ ಆಧಾರವೂ ಇದೆ. 2009ರಲ್ಲಿ ಕ್ಯಾಥರಿನ್ ಚೇಸ್, ಡ್ಯಾನಿಯಲ್ ಶ್ವಾರ್ಟ್ಸ್ ಮೊದಲಾದವರು ಬೆಟ್ಟಿ ಎಂಬ ಕಂಪ್ಯೂಟರ್ ಶಿಷ್ಯೆಗೆ ಮಕ್ಕಳೇ ಜೀವಶಾಸ್ತ್ರ ಕಲಿಸುವ ಪ್ರಯೋಗ ಪ್ರಕಟಿಸಿದರು. ಬೆಟ್ಟಿ ಪ್ರಾಣಿಯಲ್ಲ, ಹುಡುಗಿ. ತಮಗಾಗಿ ಓದಿದವರಿಗಿಂತ ಅವಳಿಗಾಗಿ ಓದಿದ ಮಕ್ಕಳು ಹೆಚ್ಚು ಹೊತ್ತು ಓದಿದರು. ಬೆಟ್ಟಿ ತಪ್ಪು ಮಾಡಿದಾಗ ಕುಗ್ಗಲಿಲ್ಲ, ಪುಸ್ತಕಕ್ಕೆ ಮರಳಿದರು. ತಮ್ಮನಿಗೆ ಅಕ್ಷರ ಹೇಳಿಕೊಡುವ ಅಕ್ಕಂದಿರನ್ನು ಕಂಡ ನಮಗೆ ಇದು ಹೊಸದಲ್ಲ.

ಕನ್ನಡದ ಮಗುವಿಗೆ ಇದರಲ್ಲಿ ಏನಿದೆ? ಓದುವ ಮೊಲವನ್ನು ತಂದು ಕನ್ನಡ ಮಾತಾಡಿಸಿದರೆ ಸಾಲದು. ಆ ಆಟ ನಿಂತಿರುವುದು ಇಂಗ್ಲಿಷಿನ ಮೂರಕ್ಷರದ ಪದಗಳ ಮೇಲೆ. ಕನ್ನಡದಲ್ಲಿ ಸ್ವರ ವ್ಯಂಜನದ ಪಕ್ಕದಲ್ಲಿ ಬೇರೆಯಾಗಿ ನಿಲ್ಲುವುದಿಲ್ಲ. ತಲೆಯ ಮೇಲೆ ಏರುತ್ತದೆ, ಬಾಲವಾಗಿ ಇಳಿಯುತ್ತದೆ, ಒತ್ತು ಕೆಳಗೆ ಹೋಗಿ ಕೂರುತ್ತದೆ. ಗುಣಿತಾಕ್ಷರಗಳೇ ನಾನೂರಕ್ಕೂ ಹೆಚ್ಚು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಮಕ್ಕಳ ಅಕ್ಷರಕಲಿಕೆ ಇಂಗ್ಲಿಷಿನಂಥ ವರ್ಣಮಾಲೆಗಳಿಗಿಂತ ನಿಧಾನವೆಂದೂ ನಾಲ್ಕನೇ ತರಗತಿಯ ಹೊತ್ತಿಗೂ ಪೂರ್ತಿಯಾಗಿರುವುದಿಲ್ಲವೆಂದೂ ತೋರಿಸಿತು. ನಿಧಾನ ಎಂದರೆ ದೋಷವಲ್ಲ, ಕಲಿಯಬೇಕಾದದ್ದು ಅಷ್ಟಿದೆ. ಎಲ್.ಕೆ.ಜಿ.ಯಲ್ಲೇ ಮುಗಿಸಿಬಿಡುವ ಆತುರದ ಆಟಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆದರೆ ಇಂಗ್ಲಿಷಿಗಿಲ್ಲದ ಒಂದು ಸೌಲಭ್ಯ ಕನ್ನಡಕ್ಕಿದೆ. ನಾವು ಹೆಚ್ಚುಕಡಿಮೆ ಬರೆದಂತೆಯೇ ಓದುತ್ತೇವೆ. ಹಾಗಾಗಿ ಆಮೆಯ ನಿಯಮವನ್ನು ಅಕ್ಷರಕ್ಕೂ ತರಬಹುದು. ಮಗು ಜೋಡಿಸಿದ್ದನ್ನು ಜೋಡಿಸಿದ ಹಾಗೆಯೇ, ಒಳ್ಳೆಯ ಕನ್ನಡ ದನಿಯಲ್ಲಿ ಓದುವ ಒಂದು ಪ್ರಾಣಿಯನ್ನು ಕಲ್ಪಿಸಿಕೊಳ್ಳಿ. 'ಕತೆ' ಎಂದು ಬರೆಯಹೋಗಿ ಮಗು ತಕಾರಕ್ಕೊಂದು ಒತ್ತು ಹಾಕಿತು. ಪ್ರಾಣಿ 'ಕತ್ತೆ' ಎಂದು ಓದುತ್ತದೆ, ಪರದೆಯ ಮೇಲೆ ಕತ್ತೆಯೇ ಬಂದು ನಿಲ್ಲುತ್ತದೆ. 'ಹಾಲು' ಕೇಳಹೋದರೆ 'ಹಲ್ಲು' ಬರುತ್ತದೆ, 'ಬಾಳೆ' ಕೇಳಿದವರಿಗೆ 'ಬಳೆ'. ಅಲ್ಲಿ ತಪ್ಪು ಸರಿ ಎನ್ನುವವರು ಯಾರೂ ಇಲ್ಲ. ದೀರ್ಘ ಎಲ್ಲಿ ಬಿತ್ತು, ಒತ್ತು ಎಲ್ಲಿ ಹೆಚ್ಚಾಯಿತು ಎಂದು ಮಗುವಿನ ಕಿವಿಯೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಇಂಥ ಆಟ ಮೂರಕ್ಷರ ದಾಟಿದ ಕೂಡಲೆ ಕೆಡುತ್ತದೆ. ಕನ್ನಡದಲ್ಲಿ ಕೊನೆಯ ಸಂಯುಕ್ತಾಕ್ಷರದವರೆಗೂ ನಡೆಯುತ್ತದೆ.

ಪ್ರಾಣಿಯನ್ನು ಕಲಿಕೆಯ ಗುರುತಾಗಿ ಬಳಸುವುದು ನಮ್ಮ ಸರ್ಕಾರಿ ಶಾಲೆಗೆ ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ ಪದ್ಧತಿಯಲ್ಲಿ ಕಲಿಕೆಯ ಏಣಿ ಇದೆ, ಕಾರ್ಡುಗಳ ಮೇಲೆ ಪ್ರಾಣಿ ಪಕ್ಷಿಗಳ ಚಿಹ್ನೆ ಇದೆ. ಓದು ಬಾರದ ಮಗು ಚಿಹ್ನೆ ನೋಡಿ ತನ್ನ ಮುಂದಿನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಅಲ್ಲಿ ಪ್ರಾಣಿ ಮಗುವನ್ನು ಪರೀಕ್ಷಿಸುವುದಿಲ್ಲ, ದಾರಿ ತೋರಿಸಿ ಸುಮ್ಮನಾಗುತ್ತದೆ. ಕಾಗದದ ಆ ಜಾಣ್ಮೆಯನ್ನು ನಮ್ಮ ಆ್ಯಪ್ ತಯಾರಕರು ಇನ್ನಾದರೂ ಕಲಿಯಬೇಕು.

ಕಂಪ್ಯೂಟರಿನಲ್ಲಿ ನಮಗೆ ಪೆಂಗ್ವಿನ್ ಇದೆ. 1996ರಲ್ಲಿ ಲ್ಯಾರಿ ಯೂಯಿಂಗ್ ಬರೆದ ಲಿನಕ್ಸ್ ಪೆಂಗ್ವಿನ್ ಟಕ್ಸ್ ಮಕ್ಕಳ ಹಲವು ಉಚಿತ ತಂತ್ರಾಂಶಗಳಲ್ಲಿ ಕಾಣುತ್ತದೆ. ಟಕ್ಸ್ ಟೈಪಿಂಗ್‌ನಲ್ಲಿ ಅಕ್ಷರ ಹೊತ್ತು ಬೀಳುವ ಮೀನನ್ನು ಹಿಡಿದು ತಿನ್ನುತ್ತದೆ, ಟಕ್ಸ್ ಮ್ಯಾತ್‌ನಲ್ಲಿ ಲೆಕ್ಕ ಬಿಡಿಸಿ ಧೂಮಕೇತುಗಳಿಂದ ಮಂಜಿನ ಮನೆಗಳನ್ನು ಕಾಯಬೇಕು. ಬಿಲ್ ಕೆಂಡ್ರಿಕ್ 2002ರಲ್ಲಿ ಆರಂಭಿಸಿದ ಟಕ್ಸ್ ಪೇಂಟ್ ಕನ್ನಡದಲ್ಲೂ ಇದೆ. ಪೆಂಗ್ವಿನ್ ಪರದೆಯ ಕೆಳಗೆ ನಿಂತು ಯಾವ ಕುಂಚ ಏನು ಮಾಡುತ್ತದೆ ಎಂದು ಹೇಳುತ್ತದೆ, ಉಳಿದ ಹಾಳೆಯೆಲ್ಲ ಮಗುವಿನದು. ಫ್ರಾನ್ಸಿನ ಬ್ರೂನೊ ಕೂದ್ವಾಂ 2000ದಲ್ಲಿ ಆರಂಭಿಸಿದ ಜಿಕಾಂಪ್ರಿ ಸರಣಿಯಲ್ಲಿ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ಇವುಗಳಲ್ಲಿ ಜಾಹೀರಾತಿಲ್ಲ, ಅಳುವ ಪ್ರಾಣಿ ದುಡ್ಡು ಕೇಳುವುದಿಲ್ಲ.

ಜಿಕಾಂಪ್ರಿಯಲ್ಲಿ ಪ್ರತಿ ಭಾಷೆಯ ಅನುವಾದವನ್ನೂ ದನಿಯನ್ನೂ ಕೊಡುವವರು ಸ್ವಯಂಸೇವಕರು. ಅಕ್ಷರ, ಅಂಕಿ, ಬಣ್ಣ, ಪ್ರಾಣಿಗಳ ಹೆಸರು, ಶಹಬ್ಬಾಸ್ ಎನ್ನುವ ನಾಲ್ಕು ಮಾತು, ಇವನ್ನು ಶಾಂತವಾದ ಕೋಣೆಯಲ್ಲಿ ಕೂತು ಸ್ಪಷ್ಟವಾಗಿ ಹೇಳಬಲ್ಲ ಯಾರಾದರೂ ಈ ಕೆಲಸಕ್ಕೆ ಸೇರಬಹುದು. ರಂಗಭೂಮಿಯ ಕಲಾವಿದರೇ, ಆಕಾಶವಾಣಿಯಲ್ಲಿ ದುಡಿದು ನಿವೃತ್ತರಾದವರೇ, ಒಂದನೇ ತರಗತಿಗೆ ಪಾಠ ಹೇಳುವ ಅಕ್ಕೋರೇ, ಮಗುವಿನ ಕಿವಿಗೆ ಬೀಳಬೇಕಾದ ದನಿ ನಿಮ್ಮ ಬಳಿ ಇದೆ. ಕನ್ನಡದಲ್ಲಿ ಮಕ್ಕಳ ಆಟ ಮಾಡಲು ಹೊರಟ ತರುಣರು ಪ್ರಾಣಿಯ ಚಿತ್ರಕ್ಕೆ ಖರ್ಚು ಮಾಡುವ ಮೊದಲು ಆ ದನಿಯನ್ನು ಹುಡುಕಲಿ. ಚಿತ್ರಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ 2015ರಿಂದ ಮುಕ್ತ ಪರವಾನಗಿಯ ಕತೆಗಳೂ ಪ್ರಾಣಿಗಳೂ ಕಾದಿವೆ.